ಹಳೆಯ ಮೋಟಾರು ಗಾಡಿಗಳಲ್ಲಿ ಬ್ಯಾಟರಿಯ ಸೋರಿಕೆಯನ್ನು ಕಂಡುಹಿಡಿಯುವ ಕ್ರಮ

ಗ್ರಾಮಾಂತರಗಳಲ್ಲಿ ಕೆಲವು ಜಮೀನುದಾರರ ಮನೆಗಳಲ್ಲಿ ಹಳೆಯ ಅಂಬಾಸಡರ್ ಕಾರುಗಳು ಈಗಲೂ ಉಪಯೋಗದಲ್ಲಿವೆ. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ನಡೆಯುತ್ತಿದ್ದ ಇವುಗಳ ತಯಾರಿಕೆಯು 2014ರಲ್ಲಿ ನಿಂತುಹೋಯಿತು. ಇಂತಹ ಗಾಡಿಯನ್ನು ನಾಲ್ಕಾರು ದಿನ ನಿಲ್ಲಿಸಿದ ಮೇಲೆ ಎಂಜಿನ್ನು ತಿರುಗದಿರುವುದು ಸಾಮಾನ್ಯವಾದ ದೂರು. ಅನೇಕರು ಕೂಡಲೆ ಹೊಸ ಬ್ಯಾಟರಿಯನ್ನು ಕೊಂಡು ಹಾಕಿಸುತ್ತಾರೆ. ಕೆಲವು ದಿನಗಳಲ್ಲಿ ಅದೂ ಬರಿದಾಗುತ್ತದೆ. ತೂಬು ಸೋರುವ ಕೆರೆಗೆ ಎಷ್ಟು ನೀರು ಹರಿದು ಬಂದರೇನು ಫಲ? ಇದರಲ್ಲಿ ಹಣದ ನಷ್ಟವೊಂದೇ ಅಲ್ಲ. ಇಲಿ ಕಡಿದ ತಂತಿಯು ಗಾಡಿಯ ಮೈಗೆ ತಗಲಿ ಕಾಯ್ದರೆ, ಹುಲ್ಲಿನ ಮೆದೆಯ ಬಳಿ ನಿಂತ ಗಾಡಿಯಿಂದ ಬೆಂಕಿ ಹತ್ತುವ ಭಯವೂ ಉಂಟು.

ಮೊದಲನೆಯದಾಗಿ ಬ್ಯಾಟರಿಯನ್ನೇ ಪರೀಕ್ಷಿಸತಕ್ಕದ್ದು. ಅದನ್ನು ಪೂರ್ಣವಾಗಿ ಚಾರ್ಜು ಮಾಡಿಸಿ, ಮೇಲ್ಭಾಗದ ಧೂಳು ತೇವಗಳನ್ನು ಒರಸಿ, ತಂತಿಗಳನ್ನು ಕಳಚಿ ಎರಡು ದಿನ ಬೇರೆಯಾಗಿ ಇಡಬೇಕು. ಒಳ್ಳೆಯ 12 ವೋಲ್ಟಿನ ಬ್ಯಾಟರಿಯು ಆಗಲೂ ಸುಮಾರು 12.6 ವೋಲ್ಟು ತೋರಿಸುವುದು. ತಂತಿಗಳಿಲ್ಲದೆಯೂ ಅದು ಬಹಳವಾಗಿ ಇಳಿದಿದ್ದರೆ ದೋಷವು ಬ್ಯಾಟರಿಯದೇ. ಇಳಿಯದಿದ್ದರೆ ದೋಷವು ಗಾಡಿಯಲ್ಲಿದೆ ಎಂದು ತಿಳಿಯಬೇಕು.

ಬಳಿಕ ಗಾಡಿಯ ಎಲ್ಲ ಸ್ವಿಚ್ಚುಗಳನ್ನೂ ಆರಿಸಿ, ಬಾಗಿಲುಗಳನ್ನು ಮುಚ್ಚಿ, ಬ್ಯಾಟರಿಯಿಂದ ಗಾಡಿಯ ಮೈಗೆ ಹೋಗುವ ತಂತಿಯನ್ನು ಕಳಚಬೇಕು. ಕೆಲವು ಹಳೆಯ ಗಾಡಿಗಳಲ್ಲಿ ಧನಧ್ರುವವೇ ಮೈಗೆ ಸೇರಿರುವುದರಿಂದ ನೋಡಿಯೇ ಕಳಚತಕ್ಕದ್ದು. ಬ್ಯಾಟರಿಯಿಂದ ಹೊರಡುವ ಅನಿಲವು ಕಿಡಿಗೆ ಸಿಡಿಯುವಂಥದಾದುದರಿಂದ ಹತ್ತಿರದಲ್ಲಿ ಬೀಡಿ, ದೀಪಗಳು ಕೂಡದು. ಕಳಚಿದ ತಂತಿಗೂ ಬ್ಯಾಟರಿಯ ಧ್ರುವಕ್ಕೂ ನಡುವೆ 12 ವೋಲ್ಟಿನ, 21 ವಾಟಿನ ಬಲ್ಬೊಂದನ್ನು ಸೇರಿಸಬೇಕು. ಬಲ್ಬು ಪ್ರಕಾಶವಾಗಿ ಉರಿದರೆ ದೊಡ್ಡ ಸೋರಿಕೆಯುಂಟು. ಉರಿಯದಿದ್ದರೆ ಅದರ ಸ್ಥಾನದಲ್ಲಿ 10 ಆಂಪಿಯರ್ ಅಳೆಯುವ ಮೀಟರನ್ನು ಸೇರಿಸಿ ಸಣ್ಣ ಸೋರಿಕೆಯನ್ನು ಅಳೆಯಬಹುದು. ಆಗ ಸ್ಟಾರ್ಟರನ್ನು ಒತ್ತಿದರೆ ಮೀಟರು ಸುಟ್ಟುಹೋಗುವುದು.

ಸಣ್ಣ ಸೋರಿಕೆಯೆಂದು ಅಲಕ್ಷ್ಯ ಮಾಡಬಾರದು. ಅರ್ಧ ಆಂಪಿಯರ್ ಪ್ರವಾಹವು ದಿನವೊಂದಕ್ಕೆ 12 ಆಂಪಿಯರ್-ಗಂಟೆಗಳಷ್ಟು ಶಕ್ತಿಯನ್ನು ಹೀರುತ್ತದೆ. 60 ಆಂಪಿಯರ್-ಗಂಟೆಯ ಬ್ಯಾಟರಿಯು ಐದು ದಿನಗಳಲ್ಲಿ ಬರಿದಾಗುವುದು. ಎಂಜಿನ್ನು ತಿರುಗದಂತಾಗಲು ಅಷ್ಟು ದಿನವೂ ಬೇಕಿಲ್ಲ. ಗಡಿಯಾರವೊಂದನ್ನು ಬಿಟ್ಟರೆ, ನಿಂತಿರುವ ಹಳೆಯ ಗಾಡಿಯು ಪ್ರವಾಹವನ್ನು ಎಳೆಯುವ ಕಾರಣವೇ ಇಲ್ಲ.

ಕಾಲುವೆಯ ಕವಲುಗಳನ್ನು ಒಂದೊಂದಾಗಿ ಮುಚ್ಚಿ ಸೋರುವ ಕವಲನ್ನು ಗುರುತಿಸುವಂತೆ, ಫ್ಯೂಸುಗಳನ್ನು ಒಂದೊಂದಾಗಿ ತೆಗೆದು ನೋಡಬೇಕು. ಯಾವುದನ್ನು ತೆಗೆದಾಗ ಬಲ್ಬು ಆರುವುದೋ, ಅಥವಾ ಮೀಟರಿನ ಅಂಕಿ ಇಳಿಯುವುದೋ, ಆ ಕವಲಿನಲ್ಲೇ ದೋಷವಿರುತ್ತದೆ. ಒಳಗಿನ ದೀಪ, ಬ್ರೇಕು ದೀಪದ ಸ್ವಿಚ್ಚು, ಹಾರನ್ನಿನ ತಂತಿ, ಆಮೇಲೆ ಹಾಕಿಸಿದ ರೇಡಿಯೊ, ಇವೆಲ್ಲವನ್ನೂ ಶೋಧಿಸಬೇಕು.

ಹಳೆಯ ಗಾಡಿಗಳಲ್ಲಿ ಫ್ಯೂಸುಗಳು ಕೆಲವೇ ಇದ್ದು, ಅನೇಕ ತಂತಿಗಳು ಫ್ಯೂಸಿನ ಮೂಲಕ ಹೋಗುವುದಿಲ್ಲ. ಆದಕಾರಣ ಎಲ್ಲ ಫ್ಯೂಸುಗಳನ್ನು ತೆಗೆದರೂ ಸೋರಿಕೆ ನಿಲ್ಲದಿದ್ದರೆ ಡೈನಮೊವಿನ ಕಡೆ ನೋಡತಕ್ಕದ್ದು. ಎಂಜಿನ್ನು ನಿಂತೊಡನೆ ಡೈನಮೊವನ್ನು ಬ್ಯಾಟರಿಯಿಂದ ಬೇರ್ಪಡಿಸುವುದು ಕಟೌಟಿನ ಕೆಲಸ. ಅದರ ಬಾಯಿಗಳು ಅಂಟಿಕೊಂಡರೆ ಪ್ರವಾಹವು ಹಿಂದಕ್ಕೆ ಹರಿದು, ಡೈನಮೊ ಕಾಯ್ದು, ಬ್ಯಾಟರಿಯು ಕೆಲವೇ ಗಂಟೆಗಳಲ್ಲಿ ಇಳಿಯುವುದು. ಡೈನಮೊ ಬದಲು ಆಲ್ಟರ್ನೇಟರ್ ಹಾಕಿಸಿದ್ದರೆ ಅದರೊಳಗಿನ ಡಯೋಡು ಕೆಟ್ಟು ಇದೇ ತೊಂದರೆಯಾಗಬಹುದು. ಮೊದಲು ಬ್ಯಾಟರಿಯನ್ನು ಬೇರ್ಪಡಿಸಿ, ಇವುಗಳ ದಪ್ಪ ತಂತಿಯನ್ನು ಕಳಚಿ, ಅದರ ತುದಿಗೆ ಟೇಪು ಸುತ್ತಿ, ಪುನಃ ಬಲ್ಬಿನಿಂದ ಪರೀಕ್ಷಿಸಬೇಕು.

ದೋಷವನ್ನು ಸರಿಪಡಿಸಿದ ಮೇಲೆ ಮತ್ತೊಮ್ಮೆ ಅಳೆದು ನೋಡುವುದು ಅವಶ್ಯಕ. ಫ್ಯೂಸಿನ ಸ್ಥಾನದಲ್ಲಿ ದಪ್ಪ ತಂತಿಯನ್ನು ಸುತ್ತುವ ಅಭ್ಯಾಸವು ಬೆಂಕಿಗೆ ದಾರಿ. ದಿನವೂ ರಾತ್ರಿ ಬ್ಯಾಟರಿಯ ತಂತಿಯನ್ನು ಕಳಚಿಡುವುದರಿಂದ ಬ್ಯಾಟರಿ ಉಳಿಯಬಹುದು. ತಂತಿಯ ದೋಷವು ಮಾತ್ರ ಹಾಗೆಯೇ ಉಳಿಯುವುದು. ಈ ಕ್ರಮವು ಹಳೆಯ ಟ್ರಾಕ್ಟರುಗಳಿಗೂ ಅನ್ವಯಿಸುವುದರಿಂದ, ಗ್ರಾಮದ ಮುಖಂಡರು ಒಂದು ಮೀಟರನ್ನೂ ಒಂದು ಬಲ್ಬನ್ನೂ ಊರಿನ ಉಪಯೋಗಕ್ಕಾಗಿ ಇರಿಸಿಕೊಂಡರೆ ಅನೇಕರ ಹಣವೂ ಹುಲ್ಲಿನ ಮೆದೆಗಳೂ ಉಳಿಯುವುವು.