ಹೊಟ್ಟೆ ಸೀಳದ ಧ

ನಮ್ಮ ಗೃಹಪ್ರವೇಶಕ್ಕೆ ನೂರಿಪ್ಪತ್ತು ಲಕೋಟೆ. ವಿಳಾಸಗಳನ್ನೆಲ್ಲ ಕಾಗದ ಕತ್ತರಿಸುವ ಕಟಿಂಗ್ ಮಷೀನಿನಲ್ಲೇ ಬರೆಸುತ್ತೇನೆ ಎಂದವಳು ನಾನೇ. ಬ್ಲೇಡಿನ ಪಕ್ಕ ಪೆನ್ನು ಸಿಕ್ಕಿಸಿದರೆ ಅದೇ ಬರೆಯುತ್ತದೆ, ಇನ್ನೇನು ಕಷ್ಟ ಅಂತ.

ಮೊದಲ ಲಕೋಟೆಯಲ್ಲೇ 'ಕ' ಜೋಡಿ ಬಳೆಯ ಹಾಗೆ ಬಂತು. ಒಂದು ಗೆರೆ ಬೇಕಾದಲ್ಲಿ ಎರಡು, ನಡುವೆ ಖಾಲಿ. ಮಷೀನಿನ ತಪ್ಪೇನಲ್ಲ. ನಾವು ದಿನಾ ಬಳಸುವ ಫಾಂಟುಗಳಲ್ಲಿ ಇರುವುದು ಅಕ್ಷರದ ಅಂಚು ಮಾತ್ರ. ಒಳಗೆ ಬಣ್ಣ ತುಂಬುವ ಕೆಲಸ ಪ್ರಿಂಟರಿನದು. ಪೆನ್ನು ಪಾಪ ಅಂಚಿನ ಸುತ್ತ ಪ್ರದಕ್ಷಿಣೆ ಹಾಕಿ ಬರುತ್ತದೆ.

ತೆಳು ಫಾಂಟಿಗೆ ಹೋದೆ. ನೋಟೋ ಸಾನ್ಸ್ ಕನ್ನಡದ ಅತಿ ತೆಳು ರೂಪವನ್ನು ಚಿಕ್ಕದಾಗಿಟ್ಟು 0.4 ಮಿ.ಮೀ. ಪೆನ್ನು ಹಾಕಿದರೆ ಎರಡೂ ಅಂಚು ಸೇರಿ ಒಂದೇ ಗೆರೆಯಂತೆ ಕಂಡಿತು. ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಅತ್ತೆ ಕನ್ನಡಕ ಏರಿಸಿದರು. "ಇದ್ಯಾಕಮ್ಮ, ನಮ್ಮ ಶ್ರೀಧರ ಯಾವಾಗ ಶ್ರೀದರ ಆದ? ಹೊಟ್ಟೆ ಸೀಳೇ ಇಲ್ವಲ್ಲ!" ಒಂದೇ ಜಾಗದಲ್ಲಿ ಎರಡು ಸಲ ಓಡಾಡಿದ ಪೆನ್ನಿನ ಶಾಯಿ ಒರಟು ಕಾಗದದಲ್ಲಿ ಹರಡಿ, ಧದ ಕೆಳಗಿನ ಪುಟ್ಟ ಗೀಟನ್ನು ನುಂಗಿತ್ತು. 'ಕೃಷ್ಣ'ದ ಒತ್ತು ಸತ್ತ ಇರುವೆಯ ಹಾಗಿತ್ತು.

ಇಂಗ್ಲಿಷಿಗೆ ಈ ಪಾಡಿಲ್ಲ. ಒಂಟಿಗೆರೆಯ ಫಾಂಟುಗಳು ಬೇಕಾದಷ್ಟಿವೆ. ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿದ್ದ ಅಲೆನ್ ಹರ್ಷಿ 1967ರಲ್ಲಿ ಪ್ರಕಟಿಸಿದ ಅಕ್ಷರಗಳು ಇಂದಿಗೂ ಚಿತ್ರ ಬಿಡಿಸುವ ತಂತ್ರಾಂಶ ಇಂಕ್‌ಸ್ಕೇಪ್‌ನಲ್ಲಿ ಸಿಗುತ್ತವೆ. ಹರ್ಷಿ ಗ್ರೀಕ್, ರಷ್ಯನ್, ಜಪಾನಿ ಅಕ್ಷರಗಳನ್ನೂ ಮಾಡಿದ್ದರು. ಕನ್ನಡದ ತನಕ ಬರಲಿಲ್ಲ.

ಕೊನೆಗೆ ನಾನೇ ತಿದ್ದಿದೆ. ಯೂನಿಕೋಡ್ ಫಾಂಟಿನ ಅಕ್ಷರವನ್ನು ಮಸುಕಾಗಿ ಕೆಳಗಿಟ್ಟು, ಅಲುಗದಂತೆ ಲಾಕ್ ಮಾಡಿ, ಅದರ ನಟ್ಟನಡುವೆ ಒಂದೇ ಗೆರೆ ಎಳೆಯುತ್ತ ಹೋದೆ. ಸ್ಲೇಟಿನ ಮೇಲೆ ಅಪ್ಪ ಬರೆದುಕೊಟ್ಟ 'ಅ' ತಿದ್ದಿದ ಹಾಗೆ. ತಲೆಕಟ್ಟು, ಕೊಂಬು, ಒತ್ತು ಎಲ್ಲ ಬಿಡಿಬಿಡಿ ತುಂಡು, ಬೇಕಾದಲ್ಲಿ ಜೋಡಿಸಿಕೊಳ್ಳುವುದು. ಧದ ಗೀಟನ್ನು ಬೇಕೆಂದೇ ಉದ್ದ ಮಾಡಿದೆ, ಒತ್ತುಗಳನ್ನು ದಪ್ಪಗೊಳಿಸದೆ ದೊಡ್ಡದಾಗಿಸಿ ತುಸು ಕೆಳಗಿಳಿಸಿದೆ. ನಾಲ್ಕು ಸಂಜೆ ಹಿಡಿಯಿತು. ಇಡೀ ವರ್ಣಮಾಲೆಯೇನೂ ಬೇಕಾಗಲಿಲ್ಲ, ನೆಂಟರ ಪಟ್ಟಿಯಲ್ಲಿದ್ದಷ್ಟು ಸಾಕಾಯಿತು. ಙ ಯಾರ ಹೆಸರಿನಲ್ಲೂ ಇರಲಿಲ್ಲ!

ಶ್ರೀಧರ ಮಾವನ ಲಕೋಟೆ ಸೀಳಿದ ಹೊಟ್ಟೆಯೊಂದಿಗೆ ಮುದ್ದಾಗಿ ಬಂತು. ಶಾಯಿ ಒಣಗುವ ಮೊದಲೇ ಮೂಲೆಗೆ ಅರಿಶಿನ ಹಚ್ಚಲು ಹೋಗಿ ಪಿನ್‌ಕೋಡ್ ಅಳಿಸಿದೆ. ಅದೊಂದನ್ನು ಕೈಯಲ್ಲೇ ಬರೆದೆ.