ಗಣಕಯಂತ್ರ ಜಾಲಕ್ಕೆ ಕೆಲವೇ ನಿಯಮಗಳು: ಸದಸ್ಯರು ಅರಿಯಬೇಕಾದ ಅಂಶಗಳು

ಇ-ಸ್ವತ್ತು ತಂತ್ರಾಂಶದಲ್ಲಿ ನಮೂನೆ 9 ಮತ್ತು 11 ಸಿದ್ಧವಾಗುವುದು, ಇ-ಗ್ರಾಮ ಸ್ವರಾಜ್ ಮೂಲಕ ಅನುದಾನ ಪಾವತಿಯಾಗುವುದು ಪಂಚಾಯಿತಿ ಕಚೇರಿಯ ಗಣಕಯಂತ್ರದಲ್ಲಿಯೇ. ಆದುದರಿಂದ ಆ ಯಂತ್ರವನ್ನು ಯಾರು, ಹೇಗೆ ಬಳಸಬೇಕೆಂಬ ನಿಯಮವು ಸಾರ್ವಜನಿಕ ಆಸ್ತಿ ಹಾಗೂ ಹಣದ ರಕ್ಷಣೆಗೆ ಸಂಬಂಧಿಸಿದ್ದಾಗಿದೆ.

ಕೇಂದ್ರೀಕೃತ ನೀತಿ ನಿರ್ವಹಣೆ ಎಂದರೇನು?

ಪ್ರತಿ ಯಂತ್ರದಲ್ಲಿಯೂ ಪ್ರತ್ಯೇಕವಾಗಿ ಹೊಂದಿಸುವ ಬದಲು, ಒಂದೇ ಸರ್ವರ್‌ನಲ್ಲಿ ನಿಯಮ ರೂಪಿಸಿ ಜಾಲದ ಎಲ್ಲ ಯಂತ್ರಗಳಿಗೂ ಅನ್ವಯಿಸುವ ಕ್ರಮವಿದು. ವಿಂಡೋಸ್ 2000ರೊಂದಿಗೆ ಬಂದ ‘ಗ್ರೂಪ್ ಪಾಲಿಸಿ’ ಇದಕ್ಕೆ ಉದಾಹರಣೆ. ಚಾಲನೆಯಲ್ಲಿರುವ ಯಂತ್ರಗಳು ಹೊಸ ನಿಯಮವನ್ನು ಸಾಮಾನ್ಯವಾಗಿ 90ರಿಂದ 120 ನಿಮಿಷಗಳೊಳಗೆ ತಾವಾಗಿಯೇ ಸ್ವೀಕರಿಸುತ್ತವೆ. ತಪ್ಪು ನಿಯಮವೂ ಅಷ್ಟೇ ಬೇಗ ಎಲ್ಲೆಡೆ ಹರಡುತ್ತದೆ. ಉದಾಹರಣೆಗೆ, ಪೆನ್‌ಡ್ರೈವ್ ತಡೆಯಲೆಂದು ಎಲ್ಲ ಯುಎಸ್‌ಬಿ ಸಾಧನಗಳನ್ನೂ ನಿರ್ಬಂಧಿಸಿದರೆ ಡಿಜಿಟಲ್ ಸಹಿಯ ಡೋಂಗಲ್ ಸಹ ಕೆಲಸ ಮಾಡದೆ ಪಾವತಿಗಳು ನಿಲ್ಲುತ್ತವೆ.

ಸರಳಗೊಳಿಸುವ ಕ್ರಮ

ನಿಯಮಗಳು ಹೆಚ್ಚಾದಷ್ಟೂ ಒಂದಕ್ಕೊಂದು ವಿರುದ್ಧವಾಗುವ ಸಂಭವ ಹೆಚ್ಚು. ಆದುದರಿಂದ ಕೆಳಗಿನವುಗಳಿಂದ ಆರಂಭಿಸುವುದು ಸೂಕ್ತ:

1. ಪ್ರತಿ ಸಿಬ್ಬಂದಿಗೂ ಪ್ರತ್ಯೇಕ ಖಾತೆ ಇರಬೇಕು. ದೈನಂದಿನ ಖಾತೆಗೆ ಅಡ್ಮಿನಿಸ್ಟ್ರೇಟರ್ ಅಧಿಕಾರ ಇರಬಾರದು.
2. 10 ನಿಮಿಷ ಬಳಸದಿದ್ದರೆ ಪರದೆ ತಾನಾಗಿಯೇ ಲಾಕ್ ಆಗಬೇಕು.
3. ಭದ್ರತಾ ಅಪ್‌ಡೇಟ್‌ಗಳು ತಾವಾಗಿಯೇ ಅಳವಡಬೇಕು.
4. ಪೆನ್‌ಡ್ರೈವ್‌ನಂತಹ ಸಂಗ್ರಹ ಸಾಧನಗಳನ್ನು ಮಾತ್ರ ನಿರ್ಬಂಧಿಸಬೇಕು.
5. ಸಿಬ್ಬಂದಿ ವರ್ಗಾವಣೆಯಾದ ದಿನವೇ ಖಾತೆ ರದ್ದಾಗಬೇಕು.

ಪ್ರತಿ ನಿಯಮದ ಉದ್ದೇಶವನ್ನು ವಹಿಯಲ್ಲಿ ದಾಖಲಿಸಿ, ಮೊದಲು ಒಂದೇ ಯಂತ್ರದಲ್ಲಿ ಡೋಂಗಲ್ ಹಾಗೂ ಪ್ರಿಂಟರ್ ಸಹಿತ ಪರೀಕ್ಷಿಸಬೇಕು. ವಿನಾಯಿತಿ ನೀಡಿದರೆ ಅದರ ಕೊನೆಯ ದಿನಾಂಕವನ್ನೂ ಬರೆಯಬೇಕು.

ಎರಡು-ಮೂರು ಯಂತ್ರಗಳಿರುವ ಪಂಚಾಯಿತಿಗೆ ಸರ್ವರ್ ಅನಗತ್ಯ. ಇದೇ ಪಟ್ಟಿಯನ್ನು ಪ್ರತಿ ಯಂತ್ರದಲ್ಲಿಯೂ ಅಳವಡಿಸಿದರೆ ಸಾಕು. ಆದರೆ ವಿಂಡೋಸ್‌ನ ಹೋಂ ಆವೃತ್ತಿಯನ್ನು ಕೇಂದ್ರೀಯ ಡೊಮೈನ್‌ಗೆ ಸೇರಿಸಲಾಗದು. ಹೊಸ ಯಂತ್ರ ಖರೀದಿಸುವಾಗ ಪ್ರೊ ಆವೃತ್ತಿ ಎಂದು ಬೇಡಿಕೆಯಲ್ಲಿಯೇ ನಮೂದಿಸುವುದು ಒಳಿತು.

ನಿಯಮದ ಮಿತಿ

ಡೋಂಗಲ್ ಮತ್ತು ಅದರ ಪಿನ್ ಎರಡೂ ಆಪರೇಟರ್ ಬಳಿ ಉಳಿದರೆ ಯಾವ ಸರ್ವರ್ ನಿಯಮವೂ ರಕ್ಷಣೆ ನೀಡದು. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಪ್ರಕರಣ 42ರನ್ವಯ ಸಹಿಯ ಖಾಸಗಿ ಕೀಲಿಯನ್ನು ಜಾಗ್ರತೆಯಿಂದ ತಮ್ಮ ನಿಯಂತ್ರಣದಲ್ಲಿಟ್ಟುಕೊಳ್ಳುವುದು ಪ್ರಮಾಣಪತ್ರ ಪಡೆದವರ ಕರ್ತವ್ಯ. ಇದು ಅಧ್ಯಕ್ಷರಿಗೂ ಪಿಡಿಒ ಅವರಿಗೂ ಸಮಾನವಾಗಿ ಅನ್ವಯಿಸುತ್ತದೆ.

ಸಾಮಾನ್ಯ ಸಭೆಯಲ್ಲಿ ಚರ್ಚೆಗೆ

1. ನಮ್ಮ ಕಚೇರಿಯ ಯಂತ್ರಗಳಲ್ಲಿ ಯಾರ ಯಾರ ಖಾತೆಗಳಿವೆ?
2. ವರ್ಗಾವಣೆಯಾದವರ ಖಾತೆ ಇನ್ನೂ ಚಾಲ್ತಿಯಲ್ಲಿದೆಯೇ?
3. ಸಹಿಯ ಡೋಂಗಲ್ ಯಾರ ವಶದಲ್ಲಿದೆ?