ದೊಡ್ಡ ಸರ್ವರ್‌ಗೆ ಮೊದಲು ಕ್ಯಾಶ್

ಪ್ರಶ್ನೆ: ನಮ್ಮ ಪುಸ್ತಕ ಮಾರಾಟದ ಜಾಲತಾಣ ಸಂಜೆ ಹೊತ್ತು ತೀರಾ ನಿಧಾನ. ಡೇಟಾಬೇಸ್ ಏದುಸಿರು ಬಿಡುತ್ತದೆ. ದೊಡ್ಡ ಸರ್ವರ್ ಕೊಳ್ಳಬೇಕೇ?

ಉತ್ತರ: ಈಗಲೇ ದುಡ್ಡು ಸುರಿಯಬೇಡಿ. ಮೊದಲು ನಿಧಾನ ಕ್ವೆರಿಗಳ ಲಾಗ್ ತೆರೆದು ನೋಡಿ. ಎಷ್ಟೋ ಸಲ ಸರಿಯಾದ ಇಂಡೆಕ್ಸ್ ಒಂದೇ ಸಾಕಾಗುತ್ತದೆ. ಅದಾದ ಮೇಲೂ ಅದೇ ಕ್ವೆರಿ ಪದೇಪದೇ ಓಡುತ್ತಿದ್ದರೆ ಕ್ಯಾಶ್ ಬೇಕು.

ಲೈವ್‌ಜರ್ನಲ್ ತಾಣಕ್ಕೆ ಇಂಥದೇ ಹೊರೆ ಬಿದ್ದಾಗ, 2003ರಲ್ಲಿ ಅದರ ಸ್ಥಾಪಕ ಬ್ರ್ಯಾಡ್ ಫಿಟ್ಜ್‌ಪ್ಯಾಟ್ರಿಕ್ ಮೆಮ್‌ಕ್ಯಾಶ್‌ಡಿ ಎಂಬ ಕ್ಯಾಶ್ ತಂತ್ರಾಂಶ ಬರೆದರು. ನಿಮಗೆ ಅದೇ ಕೆಲಸ ಮಾಡುವ ರೆಡಿಸ್ ಸಾಕು. ಪುಸ್ತಕದ ವಿವರವನ್ನು ಮೊದಲು ರೆಡಿಸ್‌ನಲ್ಲಿ ಹುಡುಕಿ. ಸಿಗದಿದ್ದರೆ ಡೇಟಾಬೇಸ್‌ನಿಂದ ತಂದು, ‘ಪುಸ್ತಕ:42’ ಎಂಬಂಥ ಕೀ ಕೊಟ್ಟು, 300 ಸೆಕೆಂಡ್ ಅವಧಿಗೆ ಅಲ್ಲಿಡಿ. ಬೆಲೆ ಬದಲಾದಾಗ ಡೇಟಾಬೇಸ್ ತಿದ್ದಿದ ಕೂಡಲೇ ಆ ಕೀ ಅಳಿಸಿ; ಇಲ್ಲದಿದ್ದರೆ ಗ್ರಾಹಕರಿಗೆ ಹಳೆಯ ಬೆಲೆಯೇ ಕಾಣುತ್ತದೆ.

ಒಂದು ಅಪಾಯವಿದೆ. ಬೇಡಿಕೆಯ ಪುಸ್ತಕದ ಅವಧಿ ಮುಗಿದ ಕ್ಷಣ ನೂರಾರು ವಿನಂತಿಗಳು ಒಟ್ಟಿಗೇ ಡೇಟಾಬೇಸ್‌ಗೆ ನುಗ್ಗುತ್ತವೆ. ಲಾಕ್ ಹಾಕಿ, ಒಂದು ವಿನಂತಿ ಮಾತ್ರ ಹೋಗಿ ತರುವಂತೆ ಮಾಡಿ. ಎಲ್ಲ ಕೀಗಳೂ ಒಮ್ಮೆಲೇ ಮುಗಿಯದಂತೆ ಅವಧಿಯಲ್ಲಿ ಕೆಲವು ಸೆಕೆಂಡ್ ಹೆಚ್ಚುಕಡಿಮೆ ಇರಲಿ. ರೆಡಿಸ್ ಬಳಸುವ ಮೆಮೊರಿಗೆ ಮಿತಿ ಹಾಕುವುದನ್ನೂ ಮರೆಯಬೇಡಿ.

ಹಣ ಪಾವತಿಯ ಹಂತದಲ್ಲಿ ದಾಸ್ತಾನಿನ ಲೆಕ್ಕವನ್ನು ಮಾತ್ರ ಕ್ಯಾಶ್‌ನಿಂದ ಓದಲೇಬೇಡಿ, ಡೇಟಾಬೇಸನ್ನೇ ಕೇಳಿ. ಇಲ್ಲದ ಪುಸ್ತಕ ಮಾರಿ ಗ್ರಾಹಕರ ನಂಬಿಕೆ ಕಳೆದುಕೊಳ್ಳುವುದಕ್ಕಿಂತ ಪುಟ ಅರೆಕ್ಷಣ ತಡವಾಗಿ ತೆರೆಯುವುದೇ ಮೇಲು.